ಕೀಲೆಣ್ಣೆ ಆರಿದ ಭುಜ

ಬ್ಲೌಸ್ ಹೊಲಿಯುವವರಿಗೆ ಕಂಕುಳೇ ಕಷ್ಟದ ಜಾಗ. ಕತ್ತು, ಬೆನ್ನು, ಸೊಂಟ ಎಲ್ಲ ಟೇಪು ಹೇಳಿದ ಹಾಗೆ ಬರುತ್ತವೆ. ತೋಳು ಬಂದು ಮೈಗೆ ಕೂಡುವ ಆ ಸುತ್ತು ಮಾತ್ರ ಹಾಗಲ್ಲ. ಬಿಗಿ ಮಾಡಿದರೆ ಕೈ ಎತ್ತಿದಾಗ ಇಡೀ ಬ್ಲೌಸೇ ಮೇಲೆ ಬರುತ್ತದೆ. ಸಡಿಲ ಬಿಟ್ಟರೆ ಕೈ ಇಳಿಸಿದಾಗ ಅಲ್ಲಿ ಬಟ್ಟೆ ಮುದ್ದೆಯಾಗುತ್ತದೆ. ಇಪ್ಪತ್ತಾರು ವರ್ಷದಿಂದ ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಾಡುತ್ತಿದ್ದೇನೆ. ಆ ಸುತ್ತನ್ನು ಎಷ್ಟು ಸಾವಿರ ಸಲ ಕತ್ತರಿಸಿದ್ದೇನೋ. ನನ್ನದೇ ಭುಜದ ಒಳಗೂ ಅಂಥದ್ದೊಂದು ಸುತ್ತಿದೆ, ಅದಕ್ಕೂ ಸಡಿಲು ಬೇಕು ಅಂತ ಗೊತ್ತಾಗಿದ್ದು 51ನೇ ವಯಸ್ಸಿನಲ್ಲಿ.

2022ರ ದೀಪಾವಳಿ ಸೀಜನ್. ಹಬ್ಬಕ್ಕೆ ಇನ್ನು ಹತ್ತು ದಿನ ಇತ್ತು. ಮುಗಿದ ಬ್ಲೌಸನ್ನು ಮೇಲಿನ ಕಂಬಿಗೆ ನೇತುಹಾಕೋಣ ಅಂತ ಎಡಗೈ ಎತ್ತಿದೆ. ಸೂಜಿ ಮುರಿದು ಒಳಗೇ ಉಳಿದ ಹಾಗೆ ಭುಜದ ಮುಂದೆ ಚುಚ್ಚಿತು. ಬಿದ್ದಿರಲಿಲ್ಲ, ಏಟಾಗಿರಲಿಲ್ಲ, ಭಾರ ಎತ್ತಿರಲಿಲ್ಲ. ಮಷೀನ್ ಮುಂದೆ ಕೂತೂ ಕೂತೂ ಹಿಡಿದುಕೊಂಡಿದೆ ಅಂದುಕೊಂಡು ಸುಮ್ಮನಾದೆ. ಹಬ್ಬ ಮುಗಿಯಿತು, ನೋವು ಮುಗಿಯಲಿಲ್ಲ.

ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಬಂದರೆ ಭಯ. ನಿದ್ದೆಗಣ್ಣಲ್ಲಿ ಎಡ ಮಗ್ಗುಲಿಗೆ ಹೊರಳಿದರೆ ಮುಗಿಯಿತು, ಎದ್ದು ಕೂರಬೇಕು. ಪಕ್ಕದಲ್ಲಿ ಒಂದು ದಿಂಬಿಟ್ಟು ಅದರ ಮೇಲೆ ಕೈಯನ್ನು ಎಳೆಗೂಸಿನ ಥರ ಮಲಗಿಸಿ, ಆಮೇಲೆ ನಾನು ಮಲಗುತ್ತಿದ್ದೆ. ನವೆಂಬರ್ ಕೊನೆಗೆ ಜಡೆ ಹೆಣೆದುಕೊಳ್ಳೋಕೆ ಆಗಲಿಲ್ಲ. ಒಳಂಗಿಯ ಹುಕ್ಸ್ ಹಿಂದೆ ಹಾಕಲಾಗದೆ ಮುಂದೆ ಹಾಕಿ ಸುತ್ತ ತಿರುಗಿಸಿಕೊಳ್ಳುವುದು ಶುರುವಾಯಿತು. ಊರಿಗೆಲ್ಲ ಬಟ್ಟೆ ಹೊಲಿದು ಕೊಡುವವಳಿಗೆ ತನ್ನ ಬಟ್ಟೆ ತಾನು ತೊಡೋಕೆ ಹತ್ತು ನಿಮಿಷ ಬೇಕು ಅಂದರೆ ಹೇಗಿರಬೇಡ!

ಈ ನಡುವೆ ಒಂದು ತಪ್ಪು ಮಾಡಿದೆ. ಉಳುಕು ತೆಗೆಯುವವರೊಬ್ಬರಿದ್ದಾರೆ, ಒಂದೇ ಸಲಕ್ಕೆ ಸರಿ ಮಾಡ್ತಾರೆ ಅಂತ ಯಾರೋ ಹೇಳಿದರು. ಹೋದೆ. ಎಣ್ಣೆ ಹಚ್ಚಿ, ಮಾತಾಡಿಸುತ್ತಾ ಮಾತಾಡಿಸುತ್ತಾ, ಇದ್ದಕ್ಕಿದ್ದಂತೆ ಕೈ ಹಿಡಿದು ಮೇಲಕ್ಕೆ ಜಗ್ಗಿದರು. ಕಣ್ಣು ಕತ್ತಲೆ ಬಂತು. 'ಬಿಟ್ಟಿತು ನೋಡಮ್ಮ' ಅಂದರು. ಬಿಟ್ಟಿದ್ದು ನನ್ನ ಜೀವ ಅಷ್ಟೇ. ಅವತ್ತಿನಿಂದ ಎರಡು ವಾರ ಚಹಾ ಲೋಟ ಎತ್ತೋಕೂ ಬಲಗೈಯೇ ಬೇಕಾಯಿತು. ಇದು ಉಳುಕಲ್ಲ. ಭುಜದ ಒಳಗೆ ಉರಿ ಎದ್ದಿರುವಾಗ ಜಗ್ಗಿದರೆ ಅದು ಇನ್ನಷ್ಟು ಕೆರಳುತ್ತದೆ. ಈ ಬರಹದಿಂದ ಯಾರಾದರೂ ಒಂದೇ ಒಂದು ವಿಷಯ ತಗೊಳ್ಳೋದಾದರೆ ಇದನ್ನು ತಗೊಳ್ಳಿ.

ಡಿಸೆಂಬರ್‌ನಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಆದರೆ ಅವರು ಮಾಡಿದ ಒಂದು ಸಣ್ಣ ಪರೀಕ್ಷೆ ಚೆನ್ನಾಗಿ ನೆನಪಿದೆ. ಎರಡೂ ಮೊಣಕೈ ಪಕ್ಕೆಗೆ ಅಂಟಿಸಿ, ಮುಂಗೈಗಳನ್ನು ಬಾಗಿಲು ತೆರೆದ ಹಾಗೆ ಹೊರಗೆ ತೆರೆಯಿರಿ ಅಂದರು. ಬಲಗೈ ತೆರೆಯಿತು. ಎಡಗೈ ಹೊಟ್ಟೆಯ ಮುಂದೆಯೇ ನಿಂತಿತು. ಆಮೇಲೆ ಅವರೇ ಹಿಡಿದು ಮೆಲ್ಲಗೆ ತೆರೆಯೋಕೆ ನೋಡಿದರು. ಆಗಲೂ ಅಲ್ಲೇ ನಿಂತಿತು, ಒಳಗಿನಿಂದ ಚಿಲಕ ಹಾಕಿದ ಹಾಗೆ. ಸ್ನಾಯು ಹರಿದಿದ್ದರೆ ನಮ್ಮಿಂದ ಎತ್ತೋಕೆ ಆಗದಿದ್ದರೂ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಏಳುತ್ತದೆಯಂತೆ. ಯಾರು ಎತ್ತಿದರೂ ಏಳದಿದ್ದರೆ, ಎಕ್ಸ್‌ರೇಯೂ ಸರಿಯಾಗಿದ್ದರೆ, ಅದು ಫ್ರೋಜನ್ ಶೋಲ್ಡರ್, ಅಂದರೆ ಹೆಪ್ಪುಗಟ್ಟಿದ ಹಾಗೆ ಬಿಗಿದು ನಿಂತ ಭುಜ. ಕೀಲಿನೊಳಗೆ ಒಂದು ಇಂಜೆಕ್ಷನ್ ಕೊಡಬಹುದು, ರಾತ್ರಿ ನೋವು ಇಳಿಯುತ್ತೆ ಅಂದರು. ನಾನು ಹೆದರಿ ಬೇಡ ಅಂದೆ. ಈಗ ಯಾರಾದರೂ ಕೇಳಿದರೆ, ನಿದ್ದೆಯೇ ಇಲ್ಲ ಅನ್ನುವವರು ಹೆದರದೆ ಡಾಕ್ಟರ ಹತ್ತಿರ ಕೂತು ಮಾತಾಡಿ ಅಂತೀನಿ. ಆಗ ಅಷ್ಟು ಬುದ್ಧಿ ಇರಲಿಲ್ಲ.

ಸಂಕ್ರಾಂತಿ ಮುಗಿಸಿ, ಅಕ್ಕನ ಮಾತು ಕೇಳಿ ಒಂದು ಆಯುರ್ವೇದ ಆಸ್ಪತ್ರೆಗೆ ಹೋದೆ. ಪಂಚಕರ್ಮ ವಿಭಾಗದ ವೈದ್ಯೆ, ನನಗಿಂತ ಹತ್ತು ವರ್ಷ ಚಿಕ್ಕವರು. ನಾಡಿ ಹಿಡಿದು ಏನೋ ಹೇಳುತ್ತಾರೆ ಅಂತ ಕಾದೆ. ನಾಡಿಯನ್ನೂ ನೋಡಿದರು, ಆದರೆ ಮೊದಲು ಬರೆದುಕೊಟ್ಟಿದ್ದು ರಕ್ತ ಪರೀಕ್ಷೆಯ ಚೀಟಿ. ಶುಗರ್, ಥೈರಾಯ್ಡ್ ಎರಡೂ.

'ನಂಗೆ ಶುಗರ್ ಇಲ್ಲ ಮೇಡಂ' ಅಂದೆ.

'ನೋಡ್ಸಿದೀರಾ?'

ನೋಡಿಸಿರಲಿಲ್ಲ. ಎಚ್‌ಬಿಎ1ಸಿ 8.6 ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಅದು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಸಕ್ಕರೆ ಇರುವವರಿಗೆ ಭುಜ ಹಿಡಿಯುವುದು ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ರಕ್ತದಲ್ಲಿ ಹೆಚ್ಚಾದ ಸಕ್ಕರೆ, ಕೀಲು ಕಟ್ಟುವ ನಾರಿಗೆ ಅಂಟಿಕೊಂಡು ಅದನ್ನು ಗಡುಸು ಮಾಡುತ್ತದೆ. ಒಂದು ಕ್ಷಣ ಗಂಜಿ ಹಾಕಿದ ಕಾಟನ್ ಸೀರೆ ಕಣ್ಣ ಮುಂದೆ ಬಂತು. ವೈದ್ಯೆ ತಾವೇ ಫಿಸಿಶಿಯನ್ ಹತ್ತಿರ ಕಳಿಸಿ ಶುಗರ್ ಮಾತ್ರೆ ಶುರು ಮಾಡಿಸಿದರು. 'ನಮ್ಮ ಕಷಾಯ ಕುಡೀತೀನಿ ಅಂತ ಆ ಮಾತ್ರೆ ನಿಲ್ಸಿದ್ರೆ ನಾನು ಟ್ರೀಟ್‌ಮೆಂಟ್ ಮಾಡಲ್ಲ' ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆವಾಗಲೇ.

ಅವರ ಮೇಜಿನ ಮೇಲೆ ಪ್ಲಾಸ್ಟಿಕ್‌ನ ಭುಜ ಒಂದಿತ್ತು. ನಾನು ಟೈಲರ್ ಅಂತ ಗೊತ್ತಾದ ಮೇಲೆ ಅದನ್ನು ನನ್ನ ಕೈಗೇ ಕೊಟ್ಟು ವಿವರಿಸಿದರು.

ತೋಳಿನ ಮೂಳೆಯ ತುದಿ ಒಂದು ಚೆಂಡು. ಅದು ಕೂರುವ ಗುಳಿ ಬೆನ್ನಿನ ರೆಕ್ಕೆ ಮೂಳೆಯಲ್ಲಿದೆ. ತೊಡೆಯ ಕೀಲಿನಲ್ಲಿ ಗುಳಿ ಆಳ, ಚೆಂಡು ಒಳಗೆ ಹೂತುಕೊಂಡಿರುತ್ತದೆ. ಭುಜದಲ್ಲಿ ಗುಳಿ ಅನ್ನೋದು ಹೆಸರಿಗೆ ಮಾತ್ರ. ಯಾವ ಹೊತ್ತಿನಲ್ಲಿ ನೋಡಿದರೂ ಚೆಂಡಿನ ಸುಮಾರು ಮೂರನೇ ಒಂದು ಭಾಗವಷ್ಟೇ ಅದಕ್ಕೆ ತಾಗಿರುತ್ತದೆ. ಸ್ಕೂಲ್ ಡೇಯಲ್ಲಿ ಮಕ್ಕಳು ಬಾಯಲ್ಲಿ ಚಮಚ ಕಚ್ಚಿ, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಾರಲ್ಲ, ನಮ್ಮ ಭುಜ ಅದೇ. ಕೈ ಇಷ್ಟು ಕಡೆ ತಿರುಗುವುದೂ ಅದಕ್ಕೇ, ಬೇಗ ಕೈಕೊಡುವುದೂ ಅದಕ್ಕೇ. ಇನ್ನೊಂದು ಸೋಜಿಗ ಅಂದರೆ, ಇಡೀ ಕೈ ಎದೆಗೂಡಿಗೆ ಮೂಳೆಯಿಂದ ಕೂಡಿರುವುದು ಒಂದೇ ಕಡೆ, ಕತ್ತಿನ ಕೆಳಗೆ ಕೊರಳೆಲುಬು ಎದೆಮೂಳೆಯನ್ನು ಮುಟ್ಟುವಲ್ಲಿ. ಉಳಿದದ್ದೆಲ್ಲ ಮಾಂಸ, ನಾರುಗಳ ಮೇಲೆ ನೇತಾಡುತ್ತಿದೆ. ಒಂದೇ ಹುಕ್ಸ್ ಮೇಲೆ ನಿಂತ ಬ್ಲೌಸ್!

ಹಾಗಾದರೆ ನಿಂಬೆಹಣ್ಣು ಬೀಳದ ಹಾಗೆ ಹಿಡಿದಿರೋದು ಯಾರು? ಗುಳಿಯ ಅಂಚಿಗೆ ಒಂದು ಮೆದು ಪಟ್ಟಿ ಇದೆ, ಬಟ್ಟೆಯ ಅಂಚಿಗೆ ಪೈಪಿಂಗ್ ಕೊಟ್ಟ ಹಾಗೆ. ಚೆಂಡಿನ ಸುತ್ತ ನಾಲ್ಕು ಸ್ನಾಯುಗಳು ಬಂದು ಹಿಡಿದಿವೆ. ಅವುಗಳ ಒಳಗೆ, ಚೆಂಡು ಮತ್ತು ಗುಳಿ ಎರಡನ್ನೂ ಸುತ್ತಿದ ಒಂದು ಚೀಲ. ಕೈ ಕೆಳಗಿದ್ದಾಗ ಈ ಚೀಲ ಕಂಕುಳ ಕಡೆ ಮಡಿಕೆಯಾಗಿ ಜೋಲುತ್ತದೆ. ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಕೇಳಿ ನಾನು ನಕ್ಕುಬಿಟ್ಟೆ. ನಾವು ಕಂಕುಳಲ್ಲಿ ಇಡುವ ಪಟ್ಟಿಯ ಕೆಲಸವೂ ಅದೇ ತಾನೇ! ನನಗೆ ಆಗಿರೋದು ಏನು ಅಂದರೆ, ಚೀಲ ದಪ್ಪಗಾಗಿ ಮುದುಡಿದೆ, ಆ ಮಡಿಕೆ ಹೋಗಿಬಿಟ್ಟಿದೆ. ಆರೋಗ್ಯವಾಗಿರುವ ಭುಜದ ಚೀಲ 15ರಿಂದ 30 ಮಿಲಿ ದ್ರವ ಹಿಡಿಯುತ್ತದೆ. ಹೀಗೆ ಮುದುಡಿದ್ದು 10 ಮಿಲಿ ಹಿಡಿದರೆ ಹೆಚ್ಚು. ಅಂದರೆ 38ರ ಅಳತೆಯವಳಿಗೆ 32ರ ಬ್ಲೌಸ್, ಅದೂ ಒಳಗಡೆಯಿಂದ.

'ಫ್ರೋಜನ್ ಶೋಲ್ಡರ್ ಅನ್ನೋ ಹೆಸರು 1934ರದ್ದು, ಕಾಡ್‌ಮನ್ ಅನ್ನೋ ಅಮೆರಿಕದ ಸರ್ಜನ್ ಇಟ್ಟಿದ್ದು' ಅಂದರು ವೈದ್ಯೆ. 1945ರಲ್ಲಿ ನೆವಿಯಾಸರ್ ಅನ್ನುವ ಇನ್ನೊಬ್ಬ ಡಾಕ್ಟರು ಈ ಚೀಲ ಮೂಳೆಗೆ ಪ್ಲಾಸ್ಟರಿನ ಹಾಗೆ ಅಂಟಿರುವುದನ್ನು ನೋಡಿ ಬೇರೆ ಹೆಸರು ಕೊಟ್ಟರಂತೆ. ಜಪಾನಿನಲ್ಲಿ ಇದಕ್ಕೆ ಗೊಜುಕಾತಾ ಅಂತಾರೆ, ಐವತ್ತರ ಭುಜ ಅಂತ ಅರ್ಥ. ಆ ಹೆಸರು ನನಗೆ ತುಂಬಾ ಹಿಡಿಸಿತು. ನಲವತ್ತರಿಂದ ಅರವತ್ತರ ನಡುವೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಎಲ್ಲ ಲೆಕ್ಕಕ್ಕೂ ನಾನು ಸರಿಯಾಗಿ ಕೂತೆ.

ಇನ್ನು ಅವರ ಶಾಸ್ತ್ರದ ಮಾತು. ಆಯುರ್ವೇದದಲ್ಲಿ ಇದನ್ನು ಅವಬಾಹುಕ ಅಂತಾರೆ, ಅಪಬಾಹುಕ ಅಂತಲೂ ಹೇಳುತ್ತಾರೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ, ವಾತದ ಕಾಯಿಲೆಗಳ ಅಧ್ಯಾಯದಲ್ಲಿ ಒಂದು ಶ್ಲೋಕ ಇದೆ. ವೈದ್ಯೆ ಅದನ್ನು ಹೇಳಿ ಬಿಡಿಸಿದರು. ಅಂಸ ಅಂದರೆ ಭುಜ. ಅಲ್ಲಿ ನೆಲೆನಿಂತ ವಾಯು 'ಶೋಷಯಿತ್ವಾಂಸಬಂಧನಮ್', ಅಂದರೆ ಭುಜವನ್ನು ಕಟ್ಟಿರುವ ಬಂಧನವನ್ನು ಒಣಗಿಸಿ, ಅಲ್ಲಿನ ಸಿರೆಗಳನ್ನು, ಅಂದರೆ ನಾಳಗಳನ್ನು, ಸಂಕುಚಿಸಿ, ಅವಬಾಹುಕವನ್ನು ಹುಟ್ಟಿಸುತ್ತದೆ. ಒಣಗುವುದು, ಮುದುಡುವುದು, ಎರಡೇ ಮಾತು. ಮೂಳೆ ಮುರಿದಿದೆ ಅಂದಿಲ್ಲ, ಸ್ನಾಯು ಹರಿದಿದೆ ಅಂದಿಲ್ಲ. ಕಟ್ಟು ಒಣಗಿದೆ ಅಂದಿದ್ದಾರೆ. ಪ್ಲಾಸ್ಟಿಕ್ ಭುಜದ ಆ ಚೀಲ ನನ್ನ ಬೆರಳ ನಡುವೆಯೇ ಇತ್ತು. 'ಇದನ್ನೇ ಅಂದಿದ್ದಾರಾ?' ಅಂತ ಕೇಳಿದೆ. 'ಇದೊಂದನ್ನೇ ಅಂತ ಹೇಳೋಕಾಗಲ್ಲ. ಕಟ್ಟಿರೋದೆಲ್ಲ ಬಂತು ಅದ್ರಲ್ಲಿ' ಅಂದರು. ಹಳೇ ಪುಸ್ತಕಕ್ಕೆ ಹೊಸ ಅರ್ಥ ತುರುಕದ ಆ ಉತ್ತರ ನನಗೆ ಇಷ್ಟವಾಯಿತು.

ರೋಗಗಳನ್ನು ಗುರುತಿಸೋಕೆ ಅಂತಲೇ ಬರೆದ ಮಾಧವನಿದಾನ ಅನ್ನೋ ಹಳೇ ಪುಸ್ತಕದ ವ್ಯಾಖ್ಯಾನಕಾರರು ಇದನ್ನು ಎರಡಾಗಿ ನೋಡುತ್ತಾರಂತೆ. ಭುಜದ ಪಸೆ ಆರುವುದು ಅಂಸಶೋಷ, ಆಮೇಲೆ ಸಿರೆ ಮುದುಡಿ ಕೈ ನಿಲ್ಲುವುದು ಅವಬಾಹುಕ. ಆ ಪಸೆಗೆ ಅವರ ಹೆಸರು ಶ್ಲೇಷಕ ಕಫ. ಕಫ ಅಂದರೆ ಕೆಮ್ಮಿದರೆ ಬರೋದು ಅಂತಷ್ಟೇ ನನಗೆ ಗೊತ್ತಿದ್ದದ್ದು. ಕೀಲುಗಳ ನಡುವೆ ಜಾರುವ ಅಂಟೂ ಕಫವೇ ಅಂತೆ. ಸುಶ್ರುತ ಅದಕ್ಕೆ ಕೊಟ್ಟ ಹೋಲಿಕೆ ಕೇಳಿ ನಾನು ಕೂತಲ್ಲೇ ನೆಟ್ಟಗಾದೆ. ಅಚ್ಚಿಗೆ ಎಣ್ಣೆ ಹಚ್ಚಿದರೆ ಗಾಡಿಯ ಚಕ್ರ ಹೇಗೆ ಸಲೀಸಾಗಿ ತಿರುಗುತ್ತದೋ, ಕಫದಿಂದ ಕೂಡಿದ ಕೀಲುಗಳೂ ಹಾಗೆ ಅಂತ.

ನಮ್ಮಪ್ಪನ ಎತ್ತಿನ ಗಾಡಿಯ ಕೆಳಗೆ ಬಿದಿರಿನ ಗೊಟ್ಟ ಒಂದು ನೇತಾಡುತ್ತಿತ್ತು. ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕಪ್ಪು ಕೀಲೆಣ್ಣೆ. ಅಡವಿಗೆ ಹೊರಡುವ ಮೊದಲು ಅಪ್ಪ ಕೋಲಿನ ತುದಿಗೆ ಚಿಂದಿ ಸುತ್ತಿ, ಅದ್ದಿ, ಅಚ್ಚಿಗೆ ಬಳಿಯುತ್ತಿದ್ದರು. ಬಳಿಯದ ದಿನ ಗಾಡಿ ಊರಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಕನ್ನಡದಲ್ಲಿ ಗಾಡಿಗೂ ಕೀಲು, ಮೈಗೂ ಕೀಲು. ಯಾರೋ ಬಹಳ ಹಿಂದೆಯೇ ಸರಿಯಾಗಿ ನೋಡಿದ್ದಾರೆ ಅನ್ನಿಸಿತು.

'ಹಂಗಾದ್ರೆ ಎಣ್ಣೆ ಹಾಕಿದ್ರೆ ಮುಗೀತಲ್ವಾ?' ಅಂದೆ.

ಅವರು ತಲೆ ಅಲ್ಲಾಡಿಸಿದರು. ಮೇಲೆ ಹಚ್ಚಿದ ಎಣ್ಣೆ ನೇರವಾಗಿ ಹೋಗಿ ಕೀಲಿನೊಳಗೆ ಸುರಿಯಲ್ಲ. ಚರ್ಮ, ಕೊಬ್ಬು, ದಪ್ಪನೆಯ ಮಾಂಸ ಎಲ್ಲ ದಾಟಿ ಒಳಗಿದೆ ಆ ಚೀಲ. ಎಣ್ಣೆ ಮತ್ತು ಬೆವರು ಸುತ್ತಲಿನ ಬಿಗಿಯನ್ನು ಬಿಡಿಸುತ್ತವೆ, ನೋವು ತಗ್ಗಿಸುತ್ತವೆ. ಆ ಹೊತ್ತಿನಲ್ಲಿ ಕೈ ಆಡಿಸಬೇಕು, ಚೀಲ ಹಿಗ್ಗೋದು ಆಡಿಸೋದ್ರಿಂದ. ಒಣಗಿದ ಕಟ್ಟಿಗೆಯನ್ನೂ ಎಣ್ಣೆ ಹಚ್ಚಿ ಶಾಖ ಕೊಟ್ಟರೆ ಬಗ್ಗಿಸಬಹುದು, ಹಾಗಿರುವಾಗ ಜೀವ ಇರುವ ಮನುಷ್ಯನ ಮಾತೇನು ಅಂತ ಚರಕ ಕೇಳುತ್ತಾನಂತೆ. ಬಗ್ಗಿಸಬೇಕು ಅಂತ ಹೇಳಿದ್ದಾನೆ, ಮುರಿಯಬೇಕು ಅಂತಲ್ಲ ಅಂತ ಅವರು ಸೇರಿಸಿದಾಗ ನನಗೆ ಆ ಜಗ್ಗಿದವರು ನೆನಪಾದರು. ಸುಶ್ರುತನ 107 ಮರ್ಮಗಳಲ್ಲಿ, ಅಂದರೆ ಪೆಟ್ಟು ಬೀಳಬಾರದ ನಾಜೂಕು ಜಾಗಗಳಲ್ಲಿ, ಅಂಸ ಮರ್ಮ ಅಂತ ಒಂದಿದೆ, ಕತ್ತಿಗೂ ತೋಳಿನ ತಲೆಗೂ ನಡುವೆ. ಅಲ್ಲಿಗೆ ಪೆಟ್ಟಾದರೆ ಏನಾಗುತ್ತೆ ಅಂತಲೂ ಬರೆದಿದ್ದಾನೆ: ಸ್ತಬ್ಧಬಾಹುತಾ, ಕೈ ನಿಂತುಬಿಡುವುದು.

ಫೆಬ್ರವರಿ 1ರಿಂದ ಹದಿನಾಲ್ಕು ದಿನ ಅಲ್ಲೇ ಉಳಿದೆ.

ಮೊದಲ ಮೂರು ದಿನ ಎಣ್ಣೆಯೇ ಇಲ್ಲ. ಬಿಸಿ ಪುಡಿಯ ಗಂಟಿನಿಂದ ಒತ್ತಿದರು, ಚೂರ್ಣ ಪಿಂಡ ಸ್ವೇದ ಅಂತ. ನನಗೆ ಸ್ವಲ್ಪ ಬೇಜಾರಾಯಿತು, ಎಣ್ಣೆಗೆ ಅಂತ ಬಂದವಳು ನಾನು. ಮೈಯಲ್ಲಿ ಆಮ, ಅಂದರೆ ಅರಗದೆ ಉಳಿದದ್ದು, ಇದೆ, ನಾಲಿಗೆ ದಪ್ಪಗೆ ಬೆಳ್ಳಗಿದೆ, ಮೊದಲು ಅದು ಹಗುರಾಗಲಿ ಅಂದರು. ಆಮೇಲೆ ಏಳು ದಿನ ಎಲೆಕಿಳಿ, ಅಂದರೆ ಸೊಪ್ಪಿನ ಬಿಸಿ ಗಂಟಿನ ಶಾಖ. ಅದನ್ನು ತಯಾರು ಮಾಡೋದು ನೋಡಬೇಕು, ಅದೇನು ಅಡುಗೆಮನೆಯೋ ಚಿಕಿತ್ಸೆಯ ಕೋಣೆಯೋ ಗೊತ್ತಾಗಲ್ಲ. ಲಕ್ಕಿ ಸೊಪ್ಪು, ಎಕ್ಕದ ಎಲೆ, ಹರಳೆಲೆ, ಹುಣಸೆ ಎಲೆ ಹೆಚ್ಚಿ ಗುಡ್ಡೆ ಹಾಕುತ್ತಾರೆ. ದೊಡ್ಡ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ, ತೆಂಗಿನ ತುರಿ, ಹೋಳು ಮಾಡಿದ ನಿಂಬೆಹಣ್ಣು ಹಾಕಿ ಕೆಂಪಗೆ ಹುರಿದು, ಸೊಪ್ಪು ಸೇರಿಸಿ ಬಾಡಿಸುತ್ತಾರೆ. ಘಮ್ ಅನ್ನುತ್ತದೆ. ಹಸಿದ ಹೊಟ್ಟೆಯಲ್ಲಿ ಮಲಗಿದ್ದ ನನಗೆ ಒಂದು ರೊಟ್ಟಿ ಇದ್ದಿದ್ದರೆ ಅನ್ನಿಸಿದ್ದು ನಿಜ. ಅದನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ತವೆಯ ಮೇಲಿನ ಬಿಸಿ ಎಣ್ಣೆಗೆ ಅದ್ದಿ, ತಮ್ಮ ಕೈ ಹಿಂಭಾಗಕ್ಕೆ ಮುಟ್ಟಿಸಿ ಶಾಖ ನೋಡಿ, ಆಮೇಲೆ ಭುಜಕ್ಕೆ ತಟ್ಟಿ ತಟ್ಟಿ ಒತ್ತುತ್ತಾರೆ. ಕತ್ತಿನಿಂದ ಬೆರಳಿನವರೆಗೆ ಮುಕ್ಕಾಲು ಗಂಟೆ. ಅಷ್ಟು ದಿನ ಕಿವಿಯ ಹತ್ತಿರ ಸೆಟೆದು ನಿಂತಿದ್ದ ಭುಜ ಮೂರನೇ ದಿನಕ್ಕೆ ಇಳಿದು ಕೂತಿತು. ಅವತ್ತು ರಾತ್ರಿ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಮಾಡಿದೆ.

ಎಣ್ಣೆಯ ಹೆಸರು ಕೇಳಿದಾಗ ನಗು ಬಂತು. ಕಾರ್ಪಾಸಾಸ್ಥ್ಯಾದಿ ತೈಲ. ಕಾರ್ಪಾಸ ಅಂದರೆ ಹತ್ತಿ. ಹತ್ತಿಬೀಜ, ಬಲಾ ಅನ್ನೋ ಗಿಡದ ಬೇರು, ಉದ್ದು, ಹುರುಳಿ ಹಾಕಿ ಕಾಯಿಸುತ್ತಾರೆ. ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ನಮ್ಮ ಕಡೆ ಹತ್ತಿಕಾಳು ನೆನೆಸಿ ರುಬ್ಬಿ ಎಮ್ಮೆಗೆ ಹಾಕುತ್ತಿದ್ದರು, ಹಾಲು ಗಟ್ಟಿ ಬರಲಿ ಅಂತ. ಜೀವನವಿಡೀ ಹತ್ತಿಯ ಬಟ್ಟೆ ಹೊಲಿದವಳಿಗೆ ಕೊನೆಗೆ ಹತ್ತಿಯ ಬೀಜವೇ ಔಷಧಿ. ಉದ್ದಿನದೇ ಇನ್ನೊಂದಿದೆ, ಮಹಾಮಾಷ ತೈಲ. ನನಗೆ ಅದನ್ನು ಮನೆಗೆ ಕೊಟ್ಟು ಕಳಿಸಿದರು.

ಎಂಟನೇ ದಿನದಿಂದ ನಸ್ಯ. ಭುಜ ನೋಯುತ್ತಿದ್ದರೆ ಮೂಗಿಗೆ ಯಾಕೆ ಎಣ್ಣೆ ಅಂತ ನಾನು ವಾದ ಮಾಡಿದೆ. ಆಯುರ್ವೇದದ ಇನ್ನೊಬ್ಬ ಹಳೇ ಗ್ರಂಥಕಾರ ವಾಗ್ಭಟ ಅವಬಾಹುಕಕ್ಕೆ ಮೊದಲು ಹೇಳೋದೇ ನಸ್ಯ, ಜೊತೆಗೆ ಊಟದ ಮೇಲೆ ಕುಡಿಯುವ ತುಪ್ಪ ಅಥವಾ ಎಣ್ಣೆ. ಮೂಗು ತಲೆಗೆ ಬಾಗಿಲು, ಕೊರಳೆಲುಬಿನ ಮೇಲಿನದಕ್ಕೆಲ್ಲ ಅದೇ ದಾರಿ ಅನ್ನುವುದು ಅವರ ಲೆಕ್ಕ. ಈ ಲೆಕ್ಕ ನನ್ನ ತಲೆಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೂ ಮಾಡಿಸಿಕೊಂಡೆ. ಮೊದಲು ಮುಖ, ಹಣೆ, ಕತ್ತಿಗೆ ಎಣ್ಣೆ ಹಚ್ಚಿ ಹಬೆ ಕೊಟ್ಟರು. ಮಂಚದ ಅಂಚಿನಲ್ಲಿ ತಲೆ ಸ್ವಲ್ಪ ಹಿಂದಕ್ಕೆ ಜೋಲಿಸಿ ಮಲಗಿಸಿ, ಒಂದು ಹೊಳ್ಳೆ ಮುಚ್ಚಿ ಇನ್ನೊಂದಕ್ಕೆ ಬೆಚ್ಚಗಿನ ಎಣ್ಣೆ ಎಣಿಸಿ ಎಣಿಸಿ ಬಿಟ್ಟರು. ಹನಿಗೂ ಅಳತೆ ಇದೆ! ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಅದ್ದಿ ಎತ್ತಿದರೆ ಬೀಳುತ್ತದಲ್ಲ, ಅದು ಒಂದು ಬಿಂದು. ಮೂಗಿನೊಳಗೆ ಮೊದಲು ಉರಿ, ಆಮೇಲೆ ಗಂಟಲಿಗೆ ಇಳಿದ ಕಹಿ. ನುಂಗಬಾರದು, ಉಗಿಯಬೇಕು. ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ಅವತ್ತೆಲ್ಲ ತಣ್ಣೀರು, ಫ್ಯಾನ್ ಗಾಳಿ ಎಲ್ಲ ಬಂದ್. ನಸ್ಯದಿಂದ ಭುಜಕ್ಕೆ ಏನಾಯಿತೋ, ತಲೆಯಂತೂ ಹಗುರಾಯಿತು. ಕತ್ತಿನ ಬಿಗಿ ಬಿಟ್ಟದ್ದು ಗೊತ್ತಾಯಿತು.

ಕೊನೆಯ ನಾಲ್ಕು ದಿನ ನವರಕಿಳಿ. ಅರವತ್ತು ದಿನಕ್ಕೆ ಬೆಳೆಯುವ ಷಷ್ಟಿಕ ಅಕ್ಕಿಯನ್ನು ಹಾಲು ಮತ್ತು ಬಲಾ ಬೇರಿನ ಕಷಾಯದಲ್ಲಿ ಬೇಯಿಸಿ ಗಂಟು ಕಟ್ಟಿ ಉಜ್ಜುತ್ತಾರೆ. ಪಾಯಸದಲ್ಲಿ ಸ್ನಾನ ಮಾಡಿದ ಹಾಗೆ. ಸಕ್ಕರೆ ಕಾಯಿಲೆಯವಳಿಗೆ ಸಿಕ್ಕಿದ ಪಾಯಸ ಅದೊಂದೇ.

ಅಲ್ಲಿಂದ ಹೊರಡುವ ದಿನ ವೈದ್ಯೆ ಹೇಳಿದ ಮಾತು ಕೇಳಿ ನನಗೆ ಅಳು ಬಂತು. 'ಇನ್ನೂ ಒಂದು ವರ್ಷ ಅಂದ್ಕೊಳ್ಳಿ' ಅಂದರು. ಈ ಕಾಯಿಲೆಗೆ ಮೂರು ಹಂತ. ನೋವು ಹೆಚ್ಚುತ್ತಾ ಕೈ ನಿಲ್ಲುತ್ತಾ ಹೋಗುವ ಕೆಲವು ತಿಂಗಳು, ನೋವು ತಗ್ಗಿ ಬಿಗಿ ಮಾತ್ರ ಉಳಿಯುವ ಕೆಲವು ತಿಂಗಳು, ಆಮೇಲೆ ಮೆಲ್ಲಗೆ ಕರಗುವ ಕಾಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷವೂ ಆಗಬಹುದು. ನಾವು ಮಾಡುವ ಚಿಕಿತ್ಸೆ ನೋವು ತಗ್ಗಿಸಿ ದಾರಿ ಸಲೀಸು ಮಾಡುತ್ತೆ, ನಡೆಯೋದು ನೀವೇ ಅಂದರು. ದಾರಿಬದಿಯ ಬೋರ್ಡುಗಳಲ್ಲಿ 21 ದಿನದಲ್ಲಿ ಗ್ಯಾರಂಟಿ ಅಂತ ನೋಡಿದ್ದೆ. ಗ್ಯಾರಂಟಿ ಇಲ್ಲ ಅಂತ ಹೇಳಿದ ಇವರ ಮಾತೇ ಕೊನೆಗೆ ನಿಜವಾಯಿತು.

ಮನೆಗೆ ಬಂದು ಮಷೀನ್ ಪಕ್ಕದ ಗೋಡೆಯ ಮೇಲೆ ಟೈಲರ್ ಚಾಕಿನಿಂದ ಗೆರೆ ಎಳೆದೆ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ಹತ್ತಿಸಬೇಕು. ನೆಲದಿಂದ ಅಳೆದರೆ ಬಲಗೈ 75 ಇಂಚು. ಎಡಗೈ 57. ಆಸ್ಪತ್ರೆಗೆ ಸೇರುವ ಮುಂಚಿನ ದಿನ ಅಳೆದಾಗ 53 ಇತ್ತು. ಕನ್ನಡಿ ಮುಂದೆ ನಿಂತು ನೋಡಿದ ಮೇಲೆ ಆ 57ರಲ್ಲೂ ಮೋಸ ಇದೆ ಅಂತ ತಿಳಿಯಿತು. ಕೈ ಪೂರ್ತಿ ಎತ್ತಿದರೆ 180 ಡಿಗ್ರಿ. ಅದರಲ್ಲಿ ಸುಮಾರು 120 ಚೆಂಡಿನ ಕೀಲಿನದು, 60 ಬೆನ್ನಿನ ರೆಕ್ಕೆ ಮೂಳೆ ಜಾರುವುದರಿಂದ ಬರೋದು. ನನ್ನ ಚೆಂಡು ಬೇಗನೆ ಕೈಚೆಲ್ಲುತ್ತಿತ್ತು. ರೆಕ್ಕೆ ಮೂಳೆಯೇ ಭುಜವನ್ನು ಕಿವಿಗೆ ಎತ್ತಿಕೊಂಡು ಸುಳ್ಳು ಲೆಕ್ಕ ತೋರಿಸುತ್ತಿತ್ತು. ಅಂದಿನಿಂದ ಬಲಗೈಯಿಂದ ಎಡಭುಜವನ್ನು ಮೇಲಿನಿಂದ ಅದುಮಿಕೊಂಡು ಹತ್ತಿಸಲು ಶುರು ಮಾಡಿದೆ. 57 ಇದ್ದದ್ದು 54ಕ್ಕೆ ಇಳಿಯಿತು. ಬೇಜಾರಾದರೂ ಸರಿ, ಅಳತೆ ಸರಿ ಇರಬೇಕು.

ದಿನಕ್ಕೆ ಮೂರು ಹೊತ್ತು. ಎಣ್ಣೆ, ಬಿಸಿನೀರಿನ ಶಾಖ, ಆಮೇಲೆ ವ್ಯಾಯಾಮ. ಮೇಜಿಗೆ ಬಲಗೈ ಊರಿ ಬಗ್ಗಿ ನಿಂತು ಎಡಗೈಯನ್ನು ಗಡಿಯಾರದ ಲೋಲಕದ ಥರ ತೂಗಾಡಿಸುವುದು. ಇದನ್ನು ಹೇಳಿಕೊಟ್ಟವರೂ ಆ ಕಾಡ್‌ಮನ್ನೇ ಅಂತೆ. ಹೊಲಿಗೆಯ ಉದ್ದ ಸ್ಕೇಲನ್ನು ಎರಡೂ ಕೈಯಲ್ಲಿ ಹಿಡಿದು ಎಡಗೈಯನ್ನು ಹೊರಗೆ ದೂಡುವುದು. ಟವೆಲ್ಲನ್ನು ಬೆನ್ನ ಹಿಂದೆ ಹಿಡಿದು ಮೇಲಕ್ಕೆ ಎಳೆಯುವುದು, ಇದು ಎಲ್ಲಕ್ಕಿಂತ ಕೆಟ್ಟದ್ದು. ಮಾಡಿದ ಮೇಲೆ ಅರ್ಧ ಗಂಟೆಯೊಳಗೆ ನೋವು ಇಳಿದರೆ ಸರಿ, ರಾತ್ರಿಯವರೆಗೂ ಉಳಿದರೆ ಜಾಸ್ತಿ ಮಾಡಿದ್ದೇನೆ ಅಂತ ಲೆಕ್ಕ.

ಯುಗಾದಿಗೆ 58. ಆಮೇಲೆ ಎರಡೂವರೆ ತಿಂಗಳು 59ರಲ್ಲೇ ಕೂತಿತು. ಗೋಡೆಯ ಮೇಲೆ ಒಂದೇ ಗೆರೆಯ ಮೇಲೆ ಹತ್ತು ತಾರೀಕು. ಆ ದಿನಗಳ ಬಗ್ಗೆ ಬರೆಯೋಕೆ ಏನೂ ಇಲ್ಲ. ಜೂನ್‌ನಲ್ಲಿ ಶುಗರ್ ಮತ್ತೆ ನೋಡಿಸಿದಾಗ 6.9. ಆಗಸ್ಟ್‌ನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ 66. ಹಬ್ಬದ ಹಿಂದಿನ ರಾತ್ರಿ ಬ್ಲೌಸ್‌ಗಳ ರಾಶಿ ಮುಗಿಸಿ ಎದ್ದವಳು, ಏನೂ ಯೋಚಿಸದೆ ಎಡಗೈಯಿಂದಲೇ ಜಡೆ ಹಿಡಿದು ತುರುಬು ಕಟ್ಟಿದೆ. ಕಟ್ಟಿ ಮುಗಿದ ಮೇಲೆ ಗೊತ್ತಾಯಿತು. ಮಗಳನ್ನು ಎಬ್ಬಿಸಿ ತೋರಿಸಿದೆ. ಅವಳು 'ಹ್ಞೂಂ ಅಮ್ಮ' ಅಂದು ಮತ್ತೆ ಮಲಗಿದಳು.

ಡಿಸೆಂಬರ್‌ಗೆ 73. ಕೊನೆಯ ಎರಡು ಇಂಚು ಇನ್ನೂ ಬಂದಿಲ್ಲ, ನನಗೆ ಅದರ ಅಗತ್ಯವೂ ಬಿದ್ದಿಲ್ಲ. ಮೂಳೆ ಡಾಕ್ಟರ ಹತ್ತಿರ ಒಮ್ಮೆ ಹೋಗಿ ತೋರಿಸಿದೆ. ಏನೂ ಚಿಕಿತ್ಸೆ ಮಾಡದೆ ಇದ್ದಿದ್ದರೂ ಬಹಳಷ್ಟು ಜನರಿಗೆ ತಾನಾಗೇ ಸರಿಹೋಗುತ್ತೆ ಅಂದರು. ಇರಬಹುದು. ಆದರೆ ಆ ಹದಿನಾಲ್ಕು ತಿಂಗಳು ನಿದ್ದೆ ಮಾಡಬೇಕಾಗಿದ್ದವಳು ನಾನು. ಎಲೆಕಿಳಿಗೆ ನಿದ್ದೆಯ ಮಾರ್ಕ್ಸ್, ಗೋಡೆಗೆ ಕೈಯ ಮಾರ್ಕ್ಸ್, ಆ ರಕ್ತ ಪರೀಕ್ಷೆಯ ಚೀಟಿಗೆ ಎಲ್ಲಕ್ಕಿಂತ ಜಾಸ್ತಿ ಮಾರ್ಕ್ಸ್ ಕೊಡ್ತೀನಿ.

ಮೊನ್ನೆ ಒಬ್ಬರು ತಮ್ಮ ಮಗಳ ಮದುವೆಗೆ ಬ್ಲೌಸ್ ಹೊಲಿಸಿಕೊಳ್ಳೋಕೆ ಬಂದಿದ್ದರು. ನಲವತ್ತೆಂಟು, ಐವತ್ತು ಇರಬಹುದು. ಬೆನ್ನಿಗೆ ಡಿಸೈನ್ ಬೇಕು, ಹುಕ್ಸ್ ಹಿಂದೆ ಇಡಿ ಅಂದರು. ಕಂಕುಳ ಅಳತೆಗೆ ಕೈ ಎತ್ತಿ ಅಂದೆ. ಬಲಗೈ ಎತ್ತುವಾಗ ಭುಜ ಕಿವಿಯ ಕಡೆ ಸರಿಯಿತು, ಕೈ ಅರ್ಧಕ್ಕೇ ನಿಂತಿತು. ಮುಖದಲ್ಲಿ ನಗು ಹಾಗೇ ಇತ್ತು. ನಾನು ಟೇಪು ಕೆಳಗಿಟ್ಟೆ.

'ಆ ಮಗ್ಗುಲಿಗೆ ಮಲಗಕ್ಕಾಗುತ್ತಾ?'

ಅವರು ನನ್ನ ಮುಖ ನೋಡಿದರು. 'ನಿಮ್ಗೆ ಹೆಂಗೆ ಗೊತ್ತಾಯ್ತು?'

'ಶುಗರ್ ನೋಡ್ಸಿದೀರಾ?' ಅಂದೆ. 'ಯಾರ ಕೈಲೂ ಜಗ್ಗಿಸ್ಕೋಬೇಡಿ. ಬ್ಲೌಸ್‌ಗೆ ಹುಕ್ಸ್ ಮುಂದೆನೇ ಇಡ್ತೀನಿ, ಹಿಂದೆ ಸುಮ್ನೆ ಡಿಸೈನ್‌ಗೆ ದಾರ ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.'